ಎಲೀಷಣ್ಣನ ತರ್ಜುಮೆ

ಕೇರಳದಿಂದ ಬಂದ ಬೋಧಕರು "ದೈವಂ ಸ್ನೇಹಮಾಗುನ್ನು" ಎಂದು ಎರಡು ಪದ ಹೇಳಿ ಪಕ್ಕಕ್ಕೆ ತಿರುಗಿದರೆ, ನಮ್ಮ ಎಲೀಷಣ್ಣ ಆ ಎರಡು ಪದಕ್ಕೆ ಮೂರು ನಿಮಿಷ ತೆಗೆದುಕೊಳ್ಳುತ್ತಿದ್ದರು. ದೇವರು ಪ್ರೀತಿಸ್ವರೂಪನು ಎಂದು ಮೊದಲು ಶುದ್ಧವಾಗಿ ಹೇಳಿಬಿಡುವರು. ಆಮೇಲೆ ಆ ಪ್ರೀತಿ ಎಂಥದ್ದು ಎಂದು ಶುರುವಾಗುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ಕುಲುಮೆಯ ಮುಂದೆ ಬೇಯುತ್ತಿರುವವನಿಗೆ, ಕೇಳದೆಯೇ ಯಾರೋ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟರೆ ಹೇಗಿರುತ್ತದೆ? ಅದರಲ್ಲಿ ಶುಂಠಿಯೂ ಇದ್ದರೆ? ಬೋಧಕರು ಕೈಕಟ್ಟಿಕೊಂಡು ತಮ್ಮ ಸರದಿಗೆ ಕಾಯುತ್ತಿದ್ದರು. ನಮಗೆ ಮಾತ್ರ ಬಾಯಲ್ಲಿ ನೀರೂರುತ್ತಿತ್ತು.

ಎಲೀಷಣ್ಣ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕ್ರೇನ್ ಓಡಿಸಿ ನಿವೃತ್ತರಾದವರು. ಜನ್ನಾಪುರದ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಸಭಾಪಾಲಕರು ವಾರವಾರ ವಾಕ್ಯ ಹೇಳುತ್ತಿದ್ದರು, ಇಬ್ಬರು ಹಿರಿಯರು ಆಡಳಿತ ನೋಡುತ್ತಿದ್ದರು, ನಮ್ಮಮ್ಮ ರೂತಮ್ಮ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತಿದ್ದಳು. ಎಲೀಷಣ್ಣನದು ತರ್ಜುಮೆ. ತಮಿಳು ಬೋಧಕರು ಬಂದರೆ ಅದರ ಅಗತ್ಯವೇ ಇರಲಿಲ್ಲ, ಅರ್ಧ ಸಭೆಗೆ ತಮಿಳು ಬರುತ್ತಿತ್ತು. ಮಲಯಾಳ ಮಾತ್ರ ಅವರೊಬ್ಬರಿಗೇ. ಕ್ವಾರ್ಟರ್ಸಿನಲ್ಲಿ ಗೋಡೆಗೆ ಗೋಡೆ ತಾಗಿದ್ದ ಕೇರಳದ ಮನೆಯವರೊಂದಿಗೆ ನಲ್ಲಿ ನೀರಿಗೆ ಜಗಳವಾಡುತ್ತಾ ಕಲಿತದ್ದಂತೆ. ಬೈಬಲಿನ ಆತ್ಮಿಕ ವರಗಳ ಪಟ್ಟಿಯಲ್ಲಿ ಭಾಷೆಗಳ ಅರ್ಥ ಹೇಳುವ ವರವೂ ಒಂದು, ತನಗೆ ದೇವರು ಕೊಟ್ಟದ್ದು ಅದನ್ನೇ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಅದು ಪ್ರಾರ್ಥನೆಯಲ್ಲಿ ಪವಿತ್ರಾತ್ಮ ಆಡಿಸುವ, ಯಾರೂ ಕಲಿಯದ ಭಾಷೆಯ ವಿಷಯ, ಮಲಯಾಳದ್ದಲ್ಲ ಎಂದು ಸಭಾಪಾಲಕರು ಒಮ್ಮೆ ತಿಳಿಹೇಳಲು ನೋಡಿದರು. "ನಲ್ಲಿ ಹತ್ರ ಕಲಿಸ್ದೋನೂ ಅವನೇ ಅಲ್ವಾ ಅಯ್ಯನೋರೇ" ಎಂದು ಎಲೀಷಣ್ಣ ಆ ಚರ್ಚೆಯನ್ನು ಅಲ್ಲಿಗೇ ಮುಗಿಸಿದರು.

ನಾನು ಶಿವಮೊಗ್ಗದಲ್ಲಿ ನರ್ಸಿಂಗ್ ಓದಲು ಹೋದೆ. ಹಾಸ್ಟೆಲಿನ ಕೋಣೆಯಲ್ಲಿ ಮೂವರು ಕೇರಳದ ಹುಡುಗಿಯರ ನಡುವೆ ನಾನೊಬ್ಬಳು. ವರ್ಷ ಕಳೆಯುವಷ್ಟರಲ್ಲಿ ಕನಸೂ ಮಲಯಾಳದಲ್ಲಿ ಬೀಳತೊಡಗಿತ್ತು. ರಜೆಗೆ ಬಂದು ಸಭೆಯಲ್ಲಿ ಕೂತಾಗ ನನಗೆ ಮೊದಲ ಸಲ ಎರಡೂ ಕಡೆಯ ಮಾತು ಅರ್ಥವಾಯಿತು. ಆವತ್ತು ಬೋಧಕರು ಕಳೆದುಹೋದ ಕುರಿಯ ಕಥೆ ಹೇಳುತ್ತಿದ್ದರು. ಎಲೀಷಣ್ಣನ ಬಾಯಲ್ಲಿ ಆ ಕುರಿ ಓಲ್ಡ್ ಟೌನಿನ ಸಂತೆಯಲ್ಲಿ ತಪ್ಪಿಸಿಕೊಂಡು, ಕಾರ್ಖಾನೆಯ ಗೇಟು ದಾಟಿ, ಕ್ಯಾಂಟೀನಿನ ಹಿಂದೆ ಎಲೆ ಮೇಯುತ್ತಾ ನಿಂತಿತ್ತು. ಬೋಧಕರು ತಡೆಯಲಾರದೆ, ಬ್ರದರ್, ನನ್ನ ಪ್ರಸಂಗದಲ್ಲಿ ಕ್ಯಾಂಟೀನ್ ಎಲ್ಲಿಂದ ಬಂತು ಎಂದು ಮಲಯಾಳದಲ್ಲೇ ಕೇಳಿಬಿಟ್ಟರು. ಎಲೀಷಣ್ಣ ಸಭೆಯ ಕಡೆ ತಿರುಗಿ, "ಕ್ಯಾಂಟೀನ್ ಎಲ್ಲಿಂದ ಬಂತು ಅಂತ ನನ್ನನ್ನ ಕೇಳ್ತಿದಾರೆ" ಎಂದು ಅದನ್ನೂ ತರ್ಜುಮೆ ಮಾಡಿದರು. ಸಭೆ ಬಿದ್ದು ಬಿದ್ದು ನಕ್ಕಿತು.

ಆರಾಧನೆ ಮುಗಿದ ಮೇಲೆ ನಾನು ಅವರನ್ನು ಹಿಡಿದುಕೊಂಡು, ಮಾಮ, ನೀವು ಹೇಳಿದ್ದರಲ್ಲಿ ಅರ್ಧ ಅವರು ಹೇಳಲೇ ಇಲ್ಲ ಎಂದೆ. ಅವರು ಹೇಳಿದ್ದರಲ್ಲಿ ಏನಾದರೂ ಬಿಟ್ಟೆನೇ ಎಂದು ತಿರುಗಿ ಕೇಳಿದರು. ಇಲ್ಲ ಎಂದೆ. ಹಾಗಾದರೆ ಉಳಿದದ್ದು ಒಗ್ಗರಣೆ, ಒಗ್ಗರಣೆ ಇಲ್ಲದ ಸಾರನ್ನು ಯಾರು ಉಣ್ಣುತ್ತಾರೆ ಎಂದರು.

ಎರಡು ವರ್ಷದ ಕೆಳಗೆ ನನ್ನ ತಂಗಿ ನವುಲೆಯ ಒಬ್ಬ ಹಿಂದೂ ಹುಡುಗನನ್ನು ರಿಜಿಸ್ಟರ್ ಮದುವೆಯಾದಳು. ಒಳ್ಳೆಯ ಹುಡುಗ. ಆದರೆ ಸಭೆಯಲ್ಲಿ ಗುಸುಗುಸು ಎದ್ದಿತು. ಸ್ವಂತ ಮಗಳನ್ನೇ ಹಿಡಿತದಲ್ಲಿ ಇಟ್ಟುಕೊಳ್ಳದವಳು ಊರ ಮಕ್ಕಳಿಗೆ ಏನು ಕಲಿಸುತ್ತಾಳೆ ಎಂದು ಹಿರಿಯರಿಬ್ಬರೂ ಪಟ್ಟು ಹಿಡಿದರು. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಇಳಿ ಎನ್ನಲು ಸಭಾಪಾಲಕರಿಗೆ ಬಾಯಿ ಬರಲಿಲ್ಲ. ನಮ್ಮಂಥ ಸಭೆಗಳಲ್ಲಿ ಇದಕ್ಕೊಂದು ದಾರಿಯಿದೆ. ಸಭಾಪಾಲಕರ ಬಾಯಿಂದ ಬಂದರೆ ಅದು ಕಮಿಟಿಯ ಮಾತು, ಹೊರಗಿನಿಂದ ಬಂದ ದೇವಸೇವಕರ ಬಾಯಿಂದ ಬಂದರೆ ದೇವರ ಮಾತು. ಹಾಗಾಗಿ ಮುಂದಿನ ಕೂಟಕ್ಕೆ ಬಂದ ಕೇರಳದ ಬೋಧಕರ ಕಿವಿಯಲ್ಲಿ ಹಿರಿಯರು ತಮ್ಮ ಹರಕು ಇಂಗ್ಲಿಷಿನಲ್ಲೇ ವಿಷಯ ಹಾಕಿದ್ದರು.

ಪ್ರಸಂಗದ ನಡುವೆ ಬೋಧಕರು ಹೆಂಗಸರ ಸಾಲಿನ ಕಡೆ ಬೆರಳು ತೋರಿಸಿದರು. ಈ ಸಭೆಯಲ್ಲಿ ಒಬ್ಬ ತಾಯಿ ಇದ್ದಾಳೆ, ಮಕ್ಕಳಿಗೆ ಪಾಠ ಹೇಳುತ್ತಾಳೆ, ಅವಳ ಸ್ವಂತ ಮನೆ ಬಿದ್ದುಹೋಗಿದೆ, ಅವಳು ಇವತ್ತೇ ಆ ಸ್ಥಾನದಿಂದ ಇಳಿಯಲಿ ಎಂದರು. ನಾನು ತಟ್ಟನೆ ತಿರುಗಿ ನೋಡಿದೆ. ಪಕ್ಕದಲ್ಲಿ ಅಮ್ಮ ಎಂದಿನಂತೆ ಸೆರಗು ಹೊದ್ದು ಕೂತಿದ್ದಳು.

ಎಲೀಷಣ್ಣ ನೀರು ಕುಡಿದರು. ತರ್ಜುಮೆಯ ಮಧ್ಯೆ ಅವರು ನೀರು ಕುಡಿದದ್ದನ್ನು ನಾನು ಎಂದೂ ನೋಡಿರಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು:

"ಈ ಸಭೇಲಿ ಒಬ್ಬ ತಾಯಿ ಇದಾರೆ. ಮಕ್ಕಳಿಗೆ ಪಾಠ ಹೇಳ್ತಾರೆ. ಅವರ ಮನೇಲಿ ಒಂದು ನೋವಿದೆ. ಆ ಜಾಗದಿಂದ ಅವರನ್ನ ಯಾರೂ ಎಬ್ಬಿಸ್ಬಾರದು."

ಬೋಧಕರು ಹೇಳಿದ್ದು ನಾಲ್ಕು ಮಾತು, ಇವರದ್ದೂ ನಾಲ್ಕೇ. ಅವರ ಬದುಕಿನಲ್ಲೇ ಅಷ್ಟು ಚಿಕ್ಕ ತರ್ಜುಮೆ ಅದೊಂದೇ. ಹೆಂಗಸರ ಸಾಲಿನಿಂದ ಒಂದು ಆಮೆನ್ ಎದ್ದಿತು, ಹಿಂದೆಯೇ ಇಡೀ ಸಭೆ ಆಮೆನ್ ಎಂದಿತು. ಹಿರಿಯರಿಬ್ಬರೂ ಮುಖ ಮುಖ ನೋಡಿಕೊಂಡು, ಬೇರೆ ದಾರಿ ಕಾಣದೆ ತಾವೂ ದನಿಗೂಡಿಸಿದರು. ತಮ್ಮ ಮಾತು ನಾಟಿತೆಂದು ಬೋಧಕರಿಗೂ ಸಮಾಧಾನವಾಯಿತು. ನನಗೆ ಅಳು ನಗು ಎರಡೂ ಒಟ್ಟಿಗೆ ಬಂದವು.

ಹೊರಗೆ ಎಲೀಷಣ್ಣ ನೀರಿನ ಟ್ಯಾಂಕಿಗೆ ಒರಗಿ ನಿಂತಿದ್ದರು. ನನ್ನನ್ನು ಕಂಡು, "ನಿಂಗೆ ಮಲಯಾಳ ಬರುತ್ತೆ ಅನ್ನೋದೇ ಮರೆತುಹೋಗಿತ್ತು ಮಾರಾಯ್ತಿ" ಎಂದರು. ಒಳ್ಳೆಯದನ್ನೇ ಮಾಡಿದಿರಿ ಎಂದೆ. ಇಲ್ಲವೆಂಬಂತೆ ತಲೆಯಲ್ಲಾಡಿಸಿದರು. "ಇಷ್ಟು ದಿನ ಒಗ್ಗರಣೆ ಹಾಕ್ತಿದ್ದೆ. ಇವತ್ತು ಸಾರನ್ನೇ ಚೆಲ್ಲಿ ನಂದು ಬಡಿಸ್ದೆ."

ಅಂದಿನಿಂದ ಅವರು ಮೈಕಿನ ಹತ್ತಿರ ಹೋಗಲಿಲ್ಲ. ಗಂಟಲು ಸರಿಯಿಲ್ಲ ಎಂದು ಸಬೂಬು ಹೇಳಿದರು. ಅವರ ಜಾಗಕ್ಕೆ ಶಿವಮೊಗ್ಗದ ಒಬ್ಬ ಲೆಕ್ಚರರ್ ಬರತೊಡಗಿದರು. ಪದಕ್ಕೆ ಪದ, ಚೂರೂ ಆಚೀಚೆ ಇಲ್ಲ. ಹತ್ತು ನಿಮಿಷಕ್ಕೆ ಅರ್ಧ ಸಭೆ ತೂಕಡಿಸುತ್ತಿತ್ತು. ಮೂರನೇ ಸಾಲಿನಲ್ಲಿ ಎಲೀಷಣ್ಣನ ತುಟಿ ಮಾತ್ರ ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಅವರ ಹೃದಯ ಕೈಕೊಟ್ಟಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಅಮ್ಮನೂ ನಾನೂ ನೋಡಲು ಹೋದೆವು. ಅಮ್ಮ ಮೂಸಂಬಿ ಸುಲಿಯುತ್ತಾ ಕೂತಳು. ಎಲೀಷಣ್ಣ, "ರೂತಮ್ಮ, ಅವತ್ತು ಅವರು ನಿನ್ನ ಇಳೀಲಿ ಅಂದಿದ್ರು" ಎಂದರು.

"ಗೊತ್ತಣ್ಣ" ಎಂದಳು ಅಮ್ಮ, ಸುಲಿಯುವುದನ್ನು ನಿಲ್ಲಿಸದೆ. "ಹರಸೋರು ಯಾರಾದ್ರೂ ಹಾಗೆ ಬೆರಳು ತೋರಿಸ್ತಾರಾ? ಅದಕ್ಕೇ ಮೊದಲು ನಾನೇ ಆಮೆನ್ ಅಂದೆ. ಬೇರೆಯೋರು ಯೋಚನೆ ಮಾಡಕ್ಕೆ ಮುಂಚೆ."

ಎಲೀಷಣ್ಣ ನಕ್ಕ ನಗುವಿಗೆ ಅವರ ಹೆಂಡತಿ ಗಾಬರಿಯಾಗಿ ಒಳಗಿನಿಂದ ಓಡಿಬಂದರು. ನಗು ನಿಂತ ಮೇಲೆ ಅವರ ಮುಖ ಮತ್ತೆ ಚಿಕ್ಕದಾಯಿತು. "ನಿಂಗೆ ಗೊತ್ತು, ಸಭೆಗೆ ಗೊತ್ತಿಲ್ಲ. ಹೇಳಿದ್ರೆ ನೀನು ಇಳೀಬೇಕು. ಹೇಳ್ದೆ ನಾನು ಹೆಂಗೆ ಮತ್ತೆ ಮೈಕ್ ಹಿಡೀಲಿ?" ಎಂದರು. ಅಮ್ಮ ಒಂದೊಂದೇ ತೊಳೆ ಬಿಡಿಸಿ ಅವರ ಕೈಗೆ ಕೊಟ್ಟಳು. ನಾವು ಅವರನ್ನು ಜೀವಂತ ನೋಡಿದ್ದು ಅದೇ ಕೊನೆ.

ನಮ್ಮಲ್ಲಿ ಮಣ್ಣಿಗೆ ಹೊರಡುವ ಮುಂಚೆ ಪೆಟ್ಟಿಗೆಯನ್ನು ಸಭೆಯ ಮುಂದಿಟ್ಟು, ಬಲ್ಲವರು ತೀರಿಕೊಂಡವರ ಬಗ್ಗೆ ಸಾಕ್ಷಿ ಹೇಳುತ್ತಾರೆ. ಎಂಟು ಹತ್ತು ಜನ ಹೇಳಿದರು, ಕುಲುಮೆಯ ಮಜ್ಜಿಗೆಯ ಕಥೆಗೆ ಅಳುವವರೂ ನಕ್ಕರು. ಆಮೇಲೆ ಅಮ್ಮ ಎದ್ದಳು. ಏನು ಹೇಳುತ್ತಾಳೆಂದು ನನಗೂ ತಿಳಿದಿರಲಿಲ್ಲ. ಆ ದಿನ ಬೋಧಕರು ನಿಜವಾಗಿ ಹೇಳಿದ್ದನ್ನು, ಎಲೀಷಣ್ಣನನ್ನು ನೋಡಿ ಬಂದ ಮೇಲೆ ನನ್ನಿಂದ ಕೇಳಿ ತಿಳಿದದ್ದನ್ನು, ಒಂದಕ್ಷರ ಬಿಡದೆ ಹೇಳಿದಳು.

"ಎಬ್ಬಿಸ್ಬಾರದು ಅಂದಿದ್ದು ಎಲೀಷಣ್ಣ. ನೀವು ಆಮೆನ್ ಅಂದಿದ್ದು ಅವರ ಮಾತಿಗೆ. ಅದನ್ನ ವಾಪಸ್ ತಗೊಳ್ಳೋರಿದ್ರೆ ಈಗ್ಲೇ ಹೇಳಿ, ನಾನು ಇಳೀತೀನಿ."

ಹಿರಿಯರಿಬ್ಬರೂ ನೆಲ ನೋಡುತ್ತಿದ್ದರು. ಕೊನೆಗೆ ಸಭಾಪಾಲಕರು ಕುರ್ಚಿಯಿಂದ ಎದ್ದು ನಿಂತು ಆಮೆನ್ ಎಂದರು. ಹಿಂದಿನ ಬೆಂಚಿನಿಂದ ಒಬ್ಬರು, ಕಿಟಕಿಯ ಹತ್ತಿರದಿಂದ ಇನ್ನೊಬ್ಬರು, ಆಮೇಲೆ ಯಾರು ಯಾರೆಂದು ಹೇಳಲಾಗಲಿಲ್ಲ. ಹಿರಿಯರಲ್ಲಿ ಒಬ್ಬರ ದನಿಯೂ ಅದರಲ್ಲಿತ್ತು.

ಅಮ್ಮ ಮೈಕನ್ನು ಪಕ್ಕಕ್ಕಿಟ್ಟು ಪೆಟ್ಟಿಗೆಯ ಮೇಲೆ ಬಾಗಿದಳು.

"ಕೇಳಿಸ್ತಾ ಅಣ್ಣ?" ಎಂದಳು.