ಅಪ್ಪ ನನ್ನ ಮುಖ ನೋಡಿದ ದಿನ

ನನ್ನ ಎಡಗಾಲಿನ ಮಂಡಿಯ ಕೆಳಗೆ ನೋವು ಶುರುವಾದಾಗ ನಾನು ಹತ್ತನೇ ತರಗತಿಯಲ್ಲಿದ್ದೆ. ಸೈಕಲ್ಲಿನಿಂದ ಬಿದ್ದಿದ್ದೆ, ಅದಕ್ಕೇ ಇರಬೇಕೆಂದು ಅವ್ವ ಎಣ್ಣೆ ಹಚ್ಚಿ ಬಿಸಿನೀರಿನ ಕಾವು ಕೊಟ್ಟಳು. ಎರಡು ತಿಂಗಳಾದರೂ ಊತ ಇಳಿಯಲಿಲ್ಲ. ಮಾಗಡಿಯ ಡಾಕ್ಟರು ಎಕ್ಸ್‌ರೇ ನೋಡಿ, ತಡ ಮಾಡದೆ ಬೆಂಗಳೂರಿಗೆ ಹೋಗಿ ಎಂದರು. ಬೆಂಗಳೂರಿನಲ್ಲಿ ಮೂಳೆಯ ಕ್ಯಾನ್ಸರ್ ಎಂದರು. ಜೊತೆಯವರೆಲ್ಲ ಪರೀಕ್ಷೆ ಬರೆಯುತ್ತಿದ್ದಾಗ ನಾನು ಕೀಮೋ ವಾರ್ಡಿನಲ್ಲಿದ್ದೆ. ಮಳೆಗಾಲ ಬರುವ ಹೊತ್ತಿಗೆ ಮಂಡಿಯ ಮೇಲಿಂದ ಕಾಲು ತೆಗೆದರು.

ನನ್ನ ಹೆಸರು ಕಾವ್ಯ. ಗುಡೇಮಾರನಹಳ್ಳಿಗೆ ಹತ್ತಿರದ ಊರು. ಈಗ ನನಗೆ ಹದಿನೇಳು ವರ್ಷ. ಮನೆದೇವರು ಬೀರಪ್ಪ, ಅಪ್ಪ ಕುರಿ ಸಾಕುತ್ತಾನೆ. ಬೀರಪ್ಪನ ಒಕ್ಕಲಿನವರು ದೇವರು ನಡೆಸಿಕೊಟ್ಟದ್ದನ್ನು ಬರೆದು ಹೊರತರುವ ಈ ಪುಸ್ತಕ ಪ್ರತಿವರ್ಷ ನಮ್ಮ ಮನೆಗೂ ಬರುತ್ತದೆ. ಇದರಲ್ಲಿ ಕಾಯಿಲೆಯ ಬಗ್ಗೆ ಬರೆದವರೆಲ್ಲ ಗುಣವಾದವರು. ನಾನು ಗುಣವಾಗಿಲ್ಲ, ಇನ್ನು ಆಗುವುದೂ ಇಲ್ಲ. ಹಾಗಾಗಿ ಬರೆಯಲೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಆದರೆ ನಾನು ಕೇಳಿಕೊಂಡಿದ್ದು ನಡೆಯಿತು. ಅದನ್ನು ಹೇಳದೆ ಇಟ್ಟುಕೊಳ್ಳುವುದು ತಪ್ಪು ಅನ್ನಿಸಿ ಬರೆಯುತ್ತಿದ್ದೇನೆ.

ಆಸ್ಪತ್ರೆಗೆ ಹೋಗುವ ದಿನಗಳಲ್ಲಿ ಮನೆಯಿಂದ ಬಸ್ ನಿಲ್ಲುವ ಜಾಗದವರೆಗೂ ಅಪ್ಪ ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗುತ್ತಿದ್ದ. ದಾರಿಯುದ್ದಕ್ಕೂ ಕುರಿಗಳ ಸುದ್ದಿ ಹೇಳುತ್ತಿದ್ದ. ಯಾವ ಮರಿ ಯಾವ ತಾಯಿಯ ಹಾಲು ಕದ್ದು ಕುಡಿಯಿತು, ಯಾವ ಟಗರು ಯಾರ ಮನೆಯ ಗೇಟಿಗೆ ಗುದ್ದಿತು, ಇಂಥವೇ. ಕೂದಲೆಲ್ಲ ಉದುರಿ, ಕಾಲು ಹೋದ ಮೇಲೂ ಆ ದಾರಿಯಲ್ಲಿ ಮಾತ್ರ ನನಗೆ ನಗು ಬರುತ್ತಿತ್ತು.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಕೆಮ್ಮು ಹತ್ತಿಕೊಂಡಿತು. ಮತ್ತೆ ಸ್ಕ್ಯಾನ್ ಮಾಡಿದರು. ಡಾಕ್ಟರು ಅಪ್ಪ ಅವ್ವ ಇಬ್ಬರನ್ನೇ ಒಳಗೆ ಕರೆದರು. ಹೊರಗೆ ಬಂದ ಅಪ್ಪ ನನ್ನ ಕಡೆ ತಿರುಗದೆ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡ. ಒರೆಸಿಕೊಂಡು ಮತ್ತೆ ತೊಳೆದುಕೊಂಡ. ಊರಿಗೆ ಬರುವಾಗ ಬಸ್ಸಿನಲ್ಲಿ ನಮ್ಮ ಪಕ್ಕ ಜಾಗವಿದ್ದರೂ ಹಿಂದಿನ ಬಾಗಿಲ ಹತ್ತಿರ ನಿಂತೇ ಬಂದ.

ಮನೆಯಲ್ಲಿ ಯಾರೂ ಇಲ್ಲದಾಗ ಫೈಲು ತೆಗೆದೆ. ಇಂಗ್ಲಿಷ್ ಪೂರ್ತಿ ಅರ್ಥವಾಗಲಿಲ್ಲ. ಅರ್ಥವಾಗದ ಪದಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ಹುಡುಕಿದೆ. ಕಾಯಿಲೆ ಎರಡೂ ಶ್ವಾಸಕೋಶಕ್ಕೆ ಹರಡಿದೆ, ಇನ್ನು ನೋವು ಕಡಿಮೆ ಮಾಡುವುದಷ್ಟೇ ಉಳಿದಿರುವುದು ಎಂದು ತಿಳಿಯಿತು. ಫೈಲನ್ನು ಹೇಗಿತ್ತೋ ಹಾಗೇ ಇಟ್ಟೆ. ಸಂಜೆ ಅವ್ವ ಬಂದು, ಈ ಮಾತ್ರೆ ನುಂಗಿದರೆ ಎಲ್ಲ ವಾಸಿಯಾಗುತ್ತದೆ ಎಂದಳು. ನಾನು ಹೂಂ ಎಂದೆ.

ಅಪ್ಪ ಮಾತ್ರ ಅಂದಿನಿಂದ ಬೇರೆಯವನಾದ. ನಾನು ಏಳುವ ಮೊದಲೇ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಬಂದರೆ ಜಗಲಿಯಲ್ಲೇ ಉಂಡು ಅಲ್ಲೇ ಮಲಗುತ್ತಿದ್ದ. ಎದುರು ಸಿಕ್ಕರೆ ನನ್ನ ಊರುಗೋಲಿನ ಕಡೆ ನೋಡಿ ಮಾತಾಡುತ್ತಿದ್ದ. ಸಂಕ್ರಾಂತಿ ಕಳೆದ ಮೇಲೆ ಚಿಕ್ಕಪ್ಪನನ್ನು ಕರೆದುಕೊಂಡು, ಮಂದೆ ಹೊಡೆದುಕೊಂಡು ಕನಕಪುರದ ಆಚೆ ಕೋಡಿಹಳ್ಳಿ ಕಡೆಗೆ ಹೊರಟುಹೋದ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಿಸಿಕೊಳ್ಳುವ, ಅಂದರೆ ರಾತ್ರಿ ಮಂದೆ ನಿಲ್ಲಿಸಿಕೊಳ್ಳುವ ರೈತರು ಆ ಕಡೆ ಇದ್ದಾರೆ. ಪ್ರತಿವರ್ಷ ಹೋದರೆ ಇಪ್ಪತ್ತು ದಿನಕ್ಕೆ ಬರುತ್ತಿದ್ದ. ಈ ಸಲ ಒಂದು ತಿಂಗಳು ಕಳೆದು ಎರಡನೆಯದೂ ಅರ್ಧವಾಯಿತು.

ದಿನಾ ಸಂಜೆ ಫೋನು ಬರುತ್ತಿತ್ತು. ಉಂಡೆಯಾ ಎಂದು ಕೇಳುತ್ತಿದ್ದ, ಮಾತ್ರೆ ತೆಗೆದುಕೊಂಡೆಯಾ ಎಂದು ಕೇಳುತ್ತಿದ್ದ. ಆಮೇಲೆ ಕುರಿಗಳು ಅರಚುವುದು ಕೇಳುತ್ತಿತ್ತು, ಕಟ್ಟಾಗುತ್ತಿತ್ತು. ಕಟ್ಟಾದ ಮೇಲೂ ನಾನು ಫೋನನ್ನು ಕಿವಿಯಿಂದ ತೆಗೆಯುತ್ತಿರಲಿಲ್ಲ.

ಬೆಳಗ್ಗೆ ನಮ್ಮ ಮನೆಯ ಮುಂದೆಯೇ ಗೆಳತಿಯರು ಮಾಗಡಿಯ ಕಾಲೇಜಿಗೆ ಹೋಗುತ್ತಿದ್ದರು. ಮೊದಮೊದಲು ಒಳಗೆ ಬಂದು ಮಾತಾಡಿಸಿ ಹೋಗುತ್ತಿದ್ದರು. ಬರಬರುತ್ತಾ ಬಾಗಿಲಲ್ಲೇ ನಿಂತು ಕೈ ಬೀಸಿ ಹೋಗತೊಡಗಿದರು. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಅವರ ಬ್ಯಾಗು, ಅವರ ಎರಡು ಜಡೆ, ಬಸ್ಸು ತಪ್ಪಿಹೋಗುತ್ತದೆ ಎಂದು ಓಡುವುದು, ಇವನ್ನೆಲ್ಲ ನೋಡಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಅಪ್ಪನ ಕಂಬಳಿಯ ಹಳೆಯದೊಂದು ತುಂಡನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಅದರಲ್ಲಿ ಕುರಿಯ ವಾಸನೆ, ಹೊಗೆಯ ವಾಸನೆ, ಅಪ್ಪನ ವಾಸನೆ.

ಬೀರಪ್ಪನ ಗುಡಿ ಬಂಡೆಯ ಮೇಲಿದೆ, ನನಗೆ ಹತ್ತಲಾಗುವುದಿಲ್ಲ. ಮನೆಯಲ್ಲೇ ಅವನ ಬಂಡಾರದ ಅರಿಸಿನವನ್ನು ಹಣೆಗಿಟ್ಟುಕೊಂಡು ಕೈ ಮುಗಿಯುತ್ತಿದ್ದೆ. ಮೊದಲೆಲ್ಲ ಕಾಯಿಲೆ ವಾಸಿ ಮಾಡು ಎಂದೇ ಬೇಡುತ್ತಿದ್ದೆ. ಒಂದು ಮಧ್ಯಾಹ್ನ ಉಸಿರು ಕಟ್ಟಿದಂತಾಗಿ ನಾಲ್ಕು ದಿಂಬಿಗೆ ಒರಗಿ ಕೂತಿದ್ದಾಗ ಬಾಯಿಂದ ಬೇರೆಯದೇ ಬಂತು.

"ಬೀರಪ್ಪ, ನನ್ನ ವಾಸಿ ಮಾಡಾಕೆ ನಿನ್ ಕೈಲಿ ಆಗ್ದಿದ್ರೆ ಬುಡು. ನಮ್ಮಪ್ಪ ಒಂದ್ಸಲ ನನ್ ಮಕ ನೋಡ್ಲಿ."

ಹಾಗೆ ಬೇಡಿ ದಿನ ಎಣಿಸಿದೆ. ಸೋಮವಾರ ಬರುತ್ತೇನೆ ಎಂದ ಅಪ್ಪ ಬರಲಿಲ್ಲ. ಮುಂದಿನ ಸೋಮವಾರ ಎಂದ, ಅಂದೂ ಬರಲಿಲ್ಲ. ಆ ಸಂಜೆ ಹಣೆಯ ಅರಿಸಿನವನ್ನು ದುಪಟ್ಟಾದಲ್ಲಿ ಉಜ್ಜಿ ಒರೆಸಿದೆ. ಒಂಬತ್ತು ದಿನ ದೇವರಿಗೆ ಕೈ ಮುಗಿಯಲಿಲ್ಲ. ಇದನ್ನೂ ಬರೆಯಬೇಕು, ಏಕೆಂದರೆ ಅದೂ ನಡೆದದ್ದೇ.

ನೋವಿನ ಔಷಧಿ ಕೊಡಲು ಹದಿನೈದು ದಿನಕ್ಕೊಮ್ಮೆ ಸುಜಾತ ಸಿಸ್ಟರ್ ಮನೆಗೆ ಬರುತ್ತಾರೆ. ಅವರು ಆ ಸಲ ಬಂದವರು ಬಿ.ಪಿ. ನೋಡಿ, ನಿನಗೇನು ಬೇಕು ಕಾವ್ಯ ಎಂದು ಕೇಳಿದರು. ಎಷ್ಟೋ ತಿಂಗಳಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅಪ್ಪನ ಹತ್ತಿರ ಹೋಗಬೇಕು ಎಂದೆ. ಈ ಸ್ಥಿತಿಯಲ್ಲಿ ಅಷ್ಟು ದೂರ ಬಸ್ಸಿನಲ್ಲಿ ಹೇಗೆ ಎಂದು ಅವ್ವ ತಕರಾರು ತೆಗೆದಳು.

"ಕರ್ಕೊಂಡು ಹೋಗಮ್ಮ," ಎಂದರು ಸಿಸ್ಟರ್. "ಈಗಾದ್ರೆ ಹೋಗಬಹುದು. ಆಮೇಲೆ ಆಗಲ್ಲ."

ನನ್ನೆದುರಿಗೆ ಯಾರಾದರೂ ಆ ಮಾತಾಡಿದ್ದು ಅದೇ ಮೊದಲು. ಅವ್ವ ಅತ್ತಳು, ಆದರೆ ಮತ್ತೆ ಬೇಡ ಎನ್ನಲಿಲ್ಲ. ದಾರಿಗೆ ಬೇಕಾದ ಔಷಧಿಯನ್ನು ಸಿಸ್ಟರ್ ಅವಳ ಕೈಗೆ ಕೊಟ್ಟು, ಹೇಗೆ ಕೊಡಬೇಕೆಂದು ಎರಡು ಸಲ ಹೇಳಿಸಿದರು.

ಗುರುವಾರ ಬೆಳಗ್ಗೆ ಹೊರಟೆವು. ಬೇಡವೆಂದಾನು ಎಂಬ ಭಯಕ್ಕೆ ಅಪ್ಪನಿಗೆ ತಿಳಿಸಿರಲಿಲ್ಲ. ಮಾಗಡಿಯಲ್ಲಿ ರಾಮನಗರದ ಬಸ್ಸು ಹತ್ತಿದೆವು. ಕಂಡಕ್ಟರು ಅವ್ವನ ಆಧಾರ್ ಕಾರ್ಡನ್ನು ಸರಿಯಾಗಿ ನೋಡದೆಯೇ ಇಬ್ಬರಿಗೂ ಉಚಿತ ಟಿಕೆಟ್ ಹರಿದುಕೊಟ್ಟು, ಮುಂದಿನ ಸೀಟಿನವರನ್ನು ಎಬ್ಬಿಸಿ ನನ್ನನ್ನು ಕೂರಿಸಿದರು. ಅರ್ಧ ದಾರಿಯವರೆಗೂ ಚೆನ್ನಾಗಿದ್ದೆ. ಆಮೇಲೆ ಕೆಮ್ಮು ಬಿಡಲೇ ಇಲ್ಲ. ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಕಣ್ಣು ಕತ್ತಲೆ ಬಂತು. ಅವ್ವ ಬೆಂಚಿನ ಮೇಲೆ ಕೂತು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಾಳಿ ಬೀಸಿದಳು. ಔಷಧಿ ಕೊಟ್ಟಳು. ಕನಕಪುರದ ಬಸ್ಸು ಬಂತು, ಹೋಯಿತು. ಏದುಸಿರಿಗೆ ನನಗೆ ಏಳಲಾಗಲಿಲ್ಲ. ಇನ್ನೊಂದು ಬಂತು, ಅದೂ ಹೋಯಿತು.

ವಾಪಸ್ ಹೋಗೋಣ ಎಂದಳು ಅವ್ವ. ಆಗಲಿ ಎಂದೆ. ನನಗೆ ಕೋಪವೂ ಬರಲಿಲ್ಲ. ಇಷ್ಟೇ ಅಂತ ಕಾಣುತ್ತದೆ, ಇನ್ನು ನಿನ್ನನ್ನು ಏನೂ ಕೇಳುವುದಿಲ್ಲ ಎಂದು ಬೀರಪ್ಪನಿಗೆ ಮನಸ್ಸಿನಲ್ಲೇ ಹೇಳಿ ಕಣ್ಣು ಮುಚ್ಚಿದೆ.

ಅವ್ವನ ತೊಡೆ ಅದುರಿತು. ಕಣ್ಣು ತೆರೆದೆ. ಕನಕಪುರದಿಂದ ಬಂದ ಬಸ್ಸೊಂದರಿಂದ ಜನ ಇಳಿಯುತ್ತಿದ್ದರು. ಅವರ ನಡುವೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಅಪ್ಪ ಇಳಿದ. ನಮ್ಮನ್ನು ನೋಡದೆ ಮಾಗಡಿ ಬಸ್ಸು ನಿಲ್ಲುವ ಕಡೆಗೆ ಬಿರಬಿರನೆ ನಡೆದ. ಅವ್ವನಿಗೆ ದನಿಯೇ ಹೊರಡಲಿಲ್ಲ. ನನಗೆ ಕೂಗಲು ಉಸಿರಿಲ್ಲ. ಊರುಗೋಲನ್ನು ಎತ್ತಿ ಬೆಂಚಿನ ಕಬ್ಬಿಣದ ಕಾಲಿಗೆ ಬಡಿದೆ. ಇನ್ನೊಮ್ಮೆ ಬಡಿದೆ. ಅಪ್ಪ ತಿರುಗಿದ.

ಬಂದವನು ನನ್ನ ಮುಂದೆ ನೆಲದ ಮೇಲೆ ಕೂತ. ನನ್ನ ಮುಖ ನೋಡಿದ. ಉದುರಿ ಮತ್ತೆ ಬಂದ ಮೋಟು ಕೂದಲು, ಬತ್ತಿದ ಕೆನ್ನೆ, ಎಲ್ಲವನ್ನೂ ನೋಡಿದ. ಕಣ್ಣು ತೆಗೆಯಲಿಲ್ಲ. ಆಮೇಲೆ ಹೇಳಿದ:

"ನೆನ್ನೆ ಹೊಲದ ಯಜಮಾನ್ರು ಮಕ್ಳೆಷ್ಟು ಅಂತ ಕೇಳುದ್ರು. ಒಬ್ಳು ಮಗ್ಳಿದ್ಳು ಅಂದ್ಬುಟ್ಟೆ ಕಣವ್ವ. ಇದ್ಳು ಅಂದ್ಬುಟ್ಟೆ."

ಆ ಮಾತು ತನ್ನ ಬಾಯಿಂದಲೇ ಬಂದದ್ದು ಕೇಳಿ ಅವನಿಗೆ ಅನ್ನ ಇಳಿಯಲಿಲ್ಲವಂತೆ. ಬೆಳಗ್ಗೆ ಮಂದೆಯನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಸಿಕ್ಕಿದ ಬಸ್ಸು ಹತ್ತಿದನಂತೆ.

"ಇಲ್ಲೇ ಇವ್ನಿ ಅಪ್ಪ," ಎಂದೆ. "ನಂಗೆ ಎಲ್ಲ ಗೊತ್ತು. ಫೈಲ್ ಓದಿವ್ನಿ."

"ಯಾವಾಗ?"

"ಆವತ್ತೇ."

ಅಷ್ಟು ದಿನ ಒಬ್ಬಳೇ ಇಟ್ಟುಕೊಂಡಿದ್ದೆಯಾ ಎಂದು ಅಪ್ಪ ನನ್ನ ಕೈಗೆ ಹಣೆ ಒತ್ತಿ ಅತ್ತ. ಅವ್ವನೂ ಅತ್ತಳು. ಬಸ್ಸಿಗೆ ಕಾಯುತ್ತಿದ್ದವರು ನೋಡುತ್ತಿದ್ದರು, ನಾವು ಲೆಕ್ಕಿಸಲಿಲ್ಲ. ಮೂವರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಊರಿಗೆ ಹೋಗೋಣವಾ, ಕುರಿ ಹತ್ತಿರ ಹೋಗೋಣವಾ ಎಂದು ಅಪ್ಪ ಕೇಳಿದ. ಕುರಿ ಹತ್ತಿರ ಎಂದೆ. ಏದುಸಿರು ಇಳಿದ ಮೇಲೆ ಅಪ್ಪ ನನ್ನನ್ನು ಎತ್ತಿಕೊಂಡೇ ಬಸ್ಸು ಹತ್ತಿದ. ಕೋಡಿಹಳ್ಳಿಯ ಆ ಹೊಲದ ಯಜಮಾನರು ತಮ್ಮ ಮನೆಯಲ್ಲೇ ನಮಗೆ ಜಾಗ ಕೊಟ್ಟರು. ಮೂರು ದಿನ ಇದ್ದೆವು. ಹಗಲೆಲ್ಲ ಹೊಂಗೆಮರದ ನೆರಳಲ್ಲಿ ಕೂತಿರುತ್ತಿದ್ದೆ, ಹುಟ್ಟಿ ಎರಡು ದಿನವಾದ ಮರಿಯೊಂದು ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು. ಎರಡನೆಯ ದಿನ ಅಪ್ಪ ಪಕ್ಕದಲ್ಲಿ ಕೂತು ಕೇಳಿದ.

"ಭಯ ಆಯ್ತದಾ?"

"ಉಸಿರು ಸಿಗ್ದೆ ಇದ್ದಾಗ ಆಯ್ತದೆ."

"ನಂಗೂ ಆಯ್ತದೆ ಕಣವ್ವ. ಅದುಕ್ಕೇ ಓಡ್ಬಂದಿದ್ದೆ. ಇನ್ ಓಡಲ್ಲ."

ಅಪ್ಪ ಓಡಲಿಲ್ಲ. ಈಗ ಸಿಸ್ಟರ್ ಬಂದರೆ ಎದುರು ಕೂತು ಕೇಳಿಸಿಕೊಳ್ಳುತ್ತಾನೆ. ಔಷಧಿಯನ್ನು ಅವನೇ ಅಳೆದು ಬಾಯಿಗೆ ಬಿಡುತ್ತಾನೆ. ಮುಂದೆ ಆಸ್ಪತ್ರೆ ಬೇಡ, ಮನೆಯಲ್ಲೇ ಇರುತ್ತೇನೆ ಎಂದು ನಾನು ಹೇಳಿದಾಗ ತಲೆಯಾಡಿಸಿದ.

ಅಂದು ಅಪ್ಪ ಸಿಕ್ಕಿದ್ದು ಆಕಸ್ಮಿಕ ಎಂದು ಚಿಕ್ಕಪ್ಪ ಹೇಳುತ್ತಾನೆ. ಇರಬಹುದು. ಆದರೆ ನನಗೆ ಉಸಿರು ಸರಿಯಾಗಿದ್ದರೆ ಮೊದಲನೆಯ ಬಸ್ಸನ್ನೇ ಹತ್ತಿಬಿಡುತ್ತಿದ್ದೆವು. ಅಪ್ಪನ ಬಸ್ಸು ಆ ಕಡೆಯಿಂದ, ನಮ್ಮದು ಈ ಕಡೆಯಿಂದ, ರಸ್ತೆಯಲ್ಲಿ ಒಬ್ಬರನ್ನೊಬ್ಬರು ದಾಟಿ ಹೋಗುತ್ತಿದ್ದೆವು. ಯಾವ ಏದುಸಿರನ್ನು ನಾನು ಶಪಿಸುತ್ತಿದ್ದೆನೋ ಅದನ್ನೇ ಹಿಡಿದು ಬೀರಪ್ಪ ನನ್ನನ್ನು ಆ ಬೆಂಚಿನ ಮೇಲೆ ಕೂರಿಸಿದ. ಮುನಿಸಿಕೊಂಡವಳನ್ನೂ ಅವನು ಬಿಡಲಿಲ್ಲ. ನಾನು ಹೀಗೆ ನಂಬಿದ್ದೇನೆ.

ಆಸೆಗಳು ತೀರಿವೆ ಎಂದರೆ ಸುಳ್ಳಾಗುತ್ತದೆ. ಕಾಲೇಜಿನ ಬೆಂಚಿನ ಮೇಲೆ ಒಂದು ದಿನ ಕೂರಬೇಕು. ಹದಿನೆಂಟು ತುಂಬಿ ಓಟು ಹಾಕಬೇಕು. ಅವ್ವನಿಗೆ ವಯಸ್ಸಾದಾಗ ಅವಳ ತಲೆ ಬಾಚಬೇಕು. ಇವೆಲ್ಲ ದಿನಾ ನೆನಪಾಗುತ್ತವೆ, ದಿನಾ ಸಂಕಟವಾಗುತ್ತದೆ. ಆದರೂ ಈಗ ಬೆಳಗ್ಗೆ ಎದ್ದು ನಾನು ಕೇಳುವುದು ಒಂದೇ ಒಂದು ದಿನವನ್ನು. ಬೀರಪ್ಪ ಇವತ್ತಿನದನ್ನು ಕೊಟ್ಟಿದ್ದಾನೆ. ಅಪ್ಪ ಎದುರಿಗೆ ಕೂತು, ಏನು ಬರೆದೆ ಓದು ಅನ್ನುತ್ತಿದ್ದಾನೆ. ಒಂದು ಸಾಲನ್ನೂ ಬಿಡದೆ ಓದುತ್ತೇನೆ.