ಕ್ಯೂನಲ್ಲಿ ನನ್ನ ಕಲ್ಲು

ಪಕ್ಕದ ಮನೆಯ ಸಂಗೀತದ ಟೀಚರ್ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಾಗಲೂ ತೊಡೆ ತಟ್ಟಿ ತಾಳ ಹಾಕುತ್ತಿದ್ದರು. ಎಪ್ಪತ್ತರ ದಶಕದಲ್ಲಿ ನಾನು ಮದುವೆಯಾಗಿ ಪುಣೆಯಿಂದ ಜಯನಗರಕ್ಕೆ ಬಂದ ಹೊಸತು. ಕನ್ನಡ ಅರೆಬರೆ ಅರ್ಥವಾಗುತ್ತಿತ್ತು, ಅಕ್ಷರ ಮಾತ್ರ ಒಂದೂ ಬರುತ್ತಿರಲಿಲ್ಲ. ಟೀಚರ್ ದಿನವೂ ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು ಅಆಇಈಯನ್ನು ಸರಿಗಮದ ಹಾಗೆ ಹಾಡಿಸುತ್ತಿದ್ದರು. ತಡವರಿಸಿದರೆ ಒಂದೇ ಮಾತು: "ಹಾಡ್ಕೊಂಡು ಹೇಳಮ್ಮ, ಬರತ್ತೆ." ಕಿಟಕಿ ತೆರೆದೇ ಇರುತ್ತಿದ್ದರಿಂದ ಆ ಮಾತು ಇಡೀ ಬೀದಿಗೆ ಬಾಯಿಪಾಠವಾಗಿತ್ತು.

ಒಂದು ಬೆಳಿಗ್ಗೆ ಮೊದಲ ಸಲ ಒಬ್ಬಳೇ ಹಾಲಿನ ಬೂತಿಗೆ ಹೋದೆ. ಬೂತು ಇನ್ನೂ ತೆರೆದಿರಲಿಲ್ಲ. ಮುಂದೆ ಸಾಲಾಗಿ ಕಲ್ಲುಗಳಿದ್ದವು. ಯಾರಾದರೂ ಎಡವಿಯಾರೆಂದು ಅವನ್ನೆಲ್ಲ ಎತ್ತಿ ಮೋರಿಯ ಪಕ್ಕ ಗುಡ್ಡೆ ಹಾಕಿದೆ. ಜನ ತಮ್ಮ ಸರದಿಗೆ ಕಲ್ಲಿಟ್ಟು ಮನೆಗೆ ಹೋಗಿದ್ದಾರೆಂದು ನನಗೇನು ಗೊತ್ತು! ಎಲ್ಲರೂ ಬಂದು ಕೂಗಾಡಿದರು. ಎದುರುಮನೆಯ ಯಜಮಾನರಂತೂ "ಇವ್ರಿಗೆ ಇವತ್ತು ಹಾಲು ಕೊಡ್ಬೇಡಿ" ಎಂದರು.

ಟೀಚರ್ ನನ್ನ ಪಕ್ಕಕ್ಕೆ ಬಂದು ನಿಂತರು. "ಹೊಸಬರು ಸಾರ್. ನಾವ್ಯಾರಾದ್ರೂ ಇವ್ರಿಗೆ ಹೇಳಿದ್ವಾ? ಹೇಳ್ದೇ ಇದ್ದಿದ್ದು ನಮ್ಮ ತಪ್ಪು. ನನ್ನ ಮುಂದೆ ನಿಲ್ಲಲಿ." ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟರು. ನನಗೆ ಹಾಲು ಸಿಕ್ಕಿತು.

ಮರುದಿನ ಟೀಚರ್ ಕಲ್ಲಿನ ಮುಂದೆ ಇನ್ನೊಂದು ಕಲ್ಲಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ಅವರು ಮೂರು ಅಕ್ಷರ ಬರೆದಿದ್ದರು. ಓದಲು ಹೋಗಿ ಮೊದಲನೆಯದರಲ್ಲೇ ನಿಂತೆ. ಟೀಚರ್ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಆ ಯಜಮಾನರು ಹೇಳಿದರು: "ಹಾಡ್ಕೊಂಡು ಹೇಳಮ್ಮ, ಬರತ್ತೆ."

ಕ್ಯೂನಲ್ಲಿದ್ದವರೆಲ್ಲ ನಗುತ್ತಾ ತಾಳ ಹಾಕಿದರು. ನಾನು ಹಾಡಿದೆ: ಸು... ನಂ... ದಾ.

ನಾನು ಓದಿದ ಮೊದಲ ಕನ್ನಡ ನನ್ನ ಹೆಸರೇ.