ಸಂಜೆ ನಾಲ್ಕರ ಸರದಿ

ಮಲದಲ್ಲಿ ರಕ್ತ ಕಂಡ ದಿನ ಯಾರಿಗೂ ಹೇಳಲಿಲ್ಲ. ಪೈಲ್ಸ್ ಇರಬಹುದು ಅಂದುಕೊಂಡೆ. ಶಿಕಾರಿಪುರ–ಸೊರಬ ಖಾಸಗಿ ಬಸ್ಸಿನಲ್ಲಿ ನಾನು ಕಂಡಕ್ಟರ್. ನೀರು ಕಡಿಮೆ ಕುಡಿಯುವ ಕೆಲಸ.

ಮೂರನೇ ವಾರ ಹೆಂಡತಿ ಗಿರಿಜಾ ಬಟ್ಟೆ ಒಗೆಯುವಾಗ ಕಲೆ ನೋಡಿದಳು. ಮರುದಿನವೇ ಶಿವಮೊಗ್ಗಕ್ಕೆ ಕರೆದೊಯ್ದಳು.

ಕೊಳವೆ ಹಾಕಿ ಕರುಳಿನ ಒಳಗೆ ನೋಡುವ ಕೊಲೊನೋಸ್ಕೋಪಿ ಆಗಬೇಕು ಅಂದರು ಆಸ್ಪತ್ರೆಯವರು. ನನಗೆ ಸಿಕ್ಕಿದ್ದು ಸಂಜೆ ನಾಲ್ಕರ ಸರದಿ, ಆ ದಿನದ ಕೊನೆಯದು. ಹೊಟ್ಟೆ ಖಾಲಿ ಮಾಡುವ ಔಷಧಿಯನ್ನೆಲ್ಲ ಹಿಂದಿನ ದಿನವೇ ಕುಡಿದು ಮುಗಿಸಿದ್ದೆ. ಚೀಟಿಯಲ್ಲಿ ಹಾಗೇ ಬರೆದಿತ್ತು. ಒಳಗೆ ಮಲಗಿಸಿದಾಗ ಡಾಕ್ಟರ್ ಕಣ್ಣುಜ್ಜಿಕೊಂಡರು. ಅದನ್ನು ನಾನು ನೋಡಿದೆ. ಆಮೇಲೆ ಸೆಡೇಶನ್ ಕೊಟ್ಟರು, ಮಂಪರು ಹತ್ತಿತು.

ರಿಪೋರ್ಟ್ ನಾರ್ಮಲ್.

ಗಿರಿಜಾ ಕೈಮುಗಿದಳು. ನನಗೆ ನಂಬಿಕೆ ಬರಲಿಲ್ಲ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಒಬ್ಬ ಪ್ರಯಾಣಿಕನೂ ನನ್ನ ಕಣ್ಣು ತಪ್ಪಿಸಲಾರ. ಸಂಜೆಯ ಟ್ರಿಪ್ಪಿನಲ್ಲಿ ಎಷ್ಟೋ ಜನರನ್ನು ಟಿಕೆಟ್ ಕೇಳದೆಯೇ ದಾಟಿ ಹೋಗಿದ್ದೇನೆ, ಕೇಳಿದ್ದೇನೆ ಎಂದೇ ನಂಬಿಕೊಂಡು. ಡಾಕ್ಟರೂ ಹಾಗೆಯೇ ಏನನ್ನಾದರೂ ದಾಟಿ ಹೋಗಿದ್ದರೆ?

"ಓದಿದೋರ ಮೇಲೂ ಅನುಮಾನ ಪಡ್ತೀರಲ್ರೀ," ಅಂದಳು ಗಿರಿಜಾ.

"ಅವ್ರೂ ಮನುಷ್ಯರೇ ಅಲ್ವೇನೆ. ಸಂಜೆ ಆಗಿತ್ತು."

ಎರಡು ತಿಂಗಳಿಗೆ ಮತ್ತೆ ರಕ್ತ.

ಕಾಲೇಜಿಗೆ ಹೋಗುವ ಮಗಳಿಂದ ರಿಪೋರ್ಟನ್ನು ಪೂರ್ತಿ ಓದಿಸಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಬಲಭಾಗದ ಕರುಳು ಸ್ವಚ್ಛವಾಗಿರಲಿಲ್ಲ, ಸರಿಯಾಗಿ ಕಾಣಲಿಲ್ಲ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ.

ಅದೇ ಡಾಕ್ಟರ ಮುಂದೆ ಹೋಗಿ ಕೂತೆ.

"ಅವತ್ತು ಸಂಜೆ ನಿಮಗೆ ಸುಸ್ತಾಗಿತ್ತೇನ್ ಸಾರ್?"

ಗಿರಿಜಾ ನನ್ನ ತೋಳು ಜಗ್ಗಿದಳು. ಡಾಕ್ಟರ್ ರಿಪೋರ್ಟನ್ನು ಎರಡು ಸಲ ಓದಿದರು.

"ಆಗಿರ್ಲಿಲ್ಲ ಅಂತ ಹೇಳಲಾರೆ," ಅಂದರು. "ಆದ್ರೆ ನಾಲ್ಕು ಗಂಟೆ ಸರದಿ ಇದ್ದೋರು ಅರ್ಧ ಔಷಧಿನ ಅವತ್ತು ಬೆಳಗ್ಗೆ ಕುಡೀಬೇಕು. ನಿಮಗೆ ಬೆಳಗಿನವರ ಚೀಟಿನೇ ಕೊಟ್ಟಿದ್ದಾರೆ. ತಪ್ಪು ನಮ್ದೇ. ಇನ್ನೊಂದ್ಸಲ ನೋಡೋಣ."

"ಬೆಳಗ್ಗೆ ಕೊಡಿ ಸಾರ್. ಮೊದಲನೇದು."

ಕೊಟ್ಟರು. ಈ ಸಲ ಮತ್ತೆ ತಪ್ಪಬಾರದೆಂದು ಬೆಳಗಿನ ಸರದಿಗೂ ಔಷಧಿಯನ್ನು ಎರಡು ಪಾಲು ಮಾಡಿದ್ದರು. ಎರಡನೆಯದನ್ನು ನಸುಕಿನಲ್ಲಿ ಕುಡಿಯಬೇಕಿತ್ತು; ಅದನ್ನು ಕುಡಿದು ಬಸ್ ಹತ್ತುವ ಹಾಗಿರಲಿಲ್ಲ. ಶಿವಮೊಗ್ಗದಲ್ಲೇ ಲಾಡ್ಜ್ ಹಿಡಿದೆವು.

ಬಲಭಾಗದಲ್ಲಿ ಪಾಲಿಪ್ ಇತ್ತು, ಕರುಳಿನ ಒಳಗೋಡೆಯಲ್ಲಿ ಬೆಳೆದ ಸಣ್ಣ ಗಂಟು.

ಅಲ್ಲೇ ತೆಗೆದರು. ಬಯಾಪ್ಸಿ ಬರುವ ತನಕ ಗಿರಿಜಾಳಿಗೂ ನನ್ನ ಅನುಮಾನದ ರೋಗ ಅಂಟಿತು. ಫೋನಿನಲ್ಲಿ ನರ್ಸ್ ಮೆತ್ತಗೆ ಮಾತಾಡಿದರೂ, ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನುವಳು. ಕ್ಯಾನ್ಸರ್ ಇರಲಿಲ್ಲ. ಬಿಟ್ಟಿದ್ದರೆ ಮುಂದೆ ಆಗಬಹುದಿತ್ತು ಅಂದರು.

ಅಂದು ತಪ್ಪಿಹೋದದ್ದು ಔಷಧಿಯಿಂದಲೋ, ಹೊತ್ತಿನಿಂದಲೋ, ನನಗೆ ಇವತ್ತಿಗೂ ಖಾತ್ರಿಯಿಲ್ಲ. ಡಾಕ್ಟರಿಗೂ ಇರಲಿಕ್ಕಿಲ್ಲ. ಆದರೆ ಎದುರಿಗೆ ಕೂತು ಅನುಮಾನಪಟ್ಟವನನ್ನು ಅವರು ಗದರಿ ಕಳಿಸಲಿಲ್ಲ. ಮೂರು ವರ್ಷ ಬಿಟ್ಟು ಮತ್ತೆ ತೋರಿಸಲು ಹೇಳಿದ್ದಾರೆ.

ಹೋಗುತ್ತೇನೆ. ಅವರ ಹತ್ತಿರವೇ.